ಗಾಳಿಯಲ್ಲಿ ಎಳೆದ ಗೆರೆ

ಕಾರವಾರದ ಕಡಲತೀರದಲ್ಲಿ ಸಂಜೆಯ ಹೊತ್ತು ತಿರುಗಾಡುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ದಿನದ ದಣಿವನ್ನು ಕಳೆಯಲೆಂದು ಹೋಗುತ್ತಿದ್ದೆ. ನಿವೃತ್ತನಾದ ಮೇಲೆ ದಣಿವಿಲ್ಲದ ದಿನವನ್ನು ಕಳೆಯಲೆಂದು ಹೋಗುತ್ತೇನೆ. ಪಡುವಣಕ್ಕೆ ಮುಖಮಾಡಿ ನಿಂತರೆ ಬಲಕ್ಕೆ ಕಾಳಿನದಿಯ ಅಳಿವೆ, ಎಡಕ್ಕೆ ಬೈತಖೋಲದ ಬಂದರು, ಎದುರಿಗೆ ನಡುಗಡ್ಡೆಗಳು. ೨೦೦೫ರಲ್ಲಿ ಊರಿನ ದಕ್ಷಿಣಕ್ಕೆ ಕದಂಬ ನೌಕಾನೆಲೆ ಆರಂಭವಾದ ಮೇಲೆ ಈ ಚಿತ್ರಕ್ಕೆ ಇನ್ನೊಂದು ವಸ್ತು ಸೇರಿದೆ. ದಿಗಂತದಲ್ಲಿ ಬೂದುಬಣ್ಣದ ಯುದ್ಧನೌಕೆ. ಒಮ್ಮೊಮ್ಮೆ ಅದರ ಹಿಂಭಾಗದ ಮೇಲೆ ತುಂಬಿಯಂತೆ ತೂಗುವ ಹೆಲಿಕಾಪ್ಟರು.

ಕಳೆದ ವರ್ಷ ಅಂಥದೊಂದು ಸಂಜೆ ನನ್ನೊಡನೆ ಒಬ್ಬ ಹಳೆಯ ವಿದ್ಯಾರ್ಥಿಯಿದ್ದ. ನೌಕಾಪಡೆ ಸೇರಿ, ಹಲವು ವರ್ಷ ಹೆಲಿಕಾಪ್ಟರು ಹಾರಿಸಿ, ಈಗ ವಿಶ್ರಾಂತಿ ಪಡೆದು ಊರಿಗೆ ಬಂದವನು. ತರಗತಿಯಲ್ಲಿ ಅವನು ಹಿಂದಿನ ಬೆಂಚಿನವನಾಗಿದ್ದನೆಂಬುದು ನನ್ನ ನೆನಪು. ಮುಂದಿನ ಬೆಂಚಿನವನೆಂಬುದು ಅವನ ವಾದ. ದೂರದ ಹಡಗಿನ ಮೇಲೆ ತೂಗುತ್ತಿದ್ದ ಆ ತುಂಬಿಯನ್ನು ನೋಡಿ ನಾನು, ಪಾಠ ಹೇಳಿದವನ ಗತ್ತನ್ನು ಬಿಡದೆ, “ವಿಮಾನಕ್ಕಾದರೆ ಓಡಲು ಉದ್ದವಾದ ನೆಲ ಬೇಕು. ಹೆಲಿಕಾಪ್ಟರಿಗೇನು? ನಿಂತಲ್ಲೇ ನಿಲ್ಲುತ್ತದೆ, ನೆಟ್ಟಗೆ ಇಳಿಯುತ್ತದೆ. ಹಡಗಿನ ಮೇಲೆ ಇಳಿಸುವುದು ಅಷ್ಟೇನೂ ಕಷ್ಟವಿರಲಾರದು” ಎಂದೆ.

“ಅದು ನಿಲ್ಲುತ್ತದೆ, ಮಾಸ್ತರ್ರೇ. ಹಡಗು ನಿಲ್ಲುವುದಿಲ್ಲವಲ್ಲ!” ಎಂದು ಅವನು ನಕ್ಕ.

ಆಮೇಲೆ ಒದ್ದೆ ಮರಳಿನ ಮೇಲೆ ಕುಳಿತು ಬೆರಳಿನಿಂದ ಒಂದು ಚಿತ್ರ ಬರೆದ. ಒಂದರೊಳಗೊಂದು ನಾಲ್ಕಾರು ವೃತ್ತಗಳು. ನಡುವೆ ಮೂತಿ ಮೇಲೆ ಮಾಡಿದ ಪುಟ್ಟ ಹಡಗು. ಕೇಂದ್ರದಿಂದ ಚಕ್ರದ ಅರಗಳಂತೆ ಹೊರಟ ಗೆರೆಗಳು. ಅರ ಎಂದರೆ ಗಾಳಿ ಬರುವ ದಿಕ್ಕು, ವೃತ್ತ ಎಂದರೆ ಗಾಳಿಯ ವೇಗ. ಇವೆಲ್ಲದರ ಮೇಲೆ, ಮಗುವೊಂದು ಬರೆದ ಬದನೆಕಾಯಿಯಂತೆ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿದ ಮುಚ್ಚುಗೆರೆಯನ್ನು ಎಳೆದ. “ಗಾಳಿ ಈ ಗೆರೆಯ ಒಳಗಿದ್ದರೆ ಇಳಿಯಬಹುದು. ಹೊರಗಿದ್ದರೆ ಇಳಿಯಬಾರದು. ಇಪ್ಪತ್ತು ವರ್ಷ ನಾನು ಈ ಬದನೆಕಾಯಿಯೊಳಗೆ ಬಾಳಿದೆ” ಎಂದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ರಾತ್ರಿಯ ಕಥೆ ಹೇಳಿದ. ಯಾವ ಹಡಗು, ಯಾವ ಕಡಲು ಎಂದು ನಾನು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ದಂಡೆಯಿಂದ ದೂರದಲ್ಲಿದ್ದ ಹಡಗೊಂದರಲ್ಲಿ ಒಬ್ಬ ತರುಣ ನಾವಿಕನಿಗೆ ಹೊಟ್ಟೆಯಲ್ಲಿ ತಡೆಯಲಾರದ ನೋವು. ಅವನನ್ನು ಕರೆತರಲು ನನ್ನ ಶಿಷ್ಯ ಹೋದ. ಹಡಗಿನ ಯಂತ್ರವೊಂದು ಕೆಟ್ಟಿದ್ದುದರಿಂದ ಅದು ಗಾಳಿಗೆ ಎದುರಾಗಿ ತಿರುಗಲಾರದೆ ಅಡ್ಡಗಾಳಿಯಲ್ಲಿ ಹೊರಳಾಡುತ್ತಿತ್ತು. ಗಾಳಿಮಾಪಕದ ಲೆಕ್ಕ ಗೆರೆಯ ಹೊರಗೆ. ಬಹಳ ಹೊರಗೂ ಅಲ್ಲ, ಎರಡು ಬೆರಳಿನಷ್ಟು. ಹಗ್ಗ ಇಳಿಸಿ ಎತ್ತಿಕೊಳ್ಳಬಾರದಾಗಿತ್ತೆ ಎಂದು ಕೇಳಿದೆ. “ಅದಕ್ಕೂ ಒಂದು ಗೆರೆಯಿದೆ, ಮಾಸ್ತರ್ರೇ” ಎಂದ. ಹಡಗಿನ ಎಡಮಗ್ಗುಲಲ್ಲಿ ಕೆಲವು ನಿಮಿಷ ತೂಗುತ್ತ ನಿಂತು, ಇಂಧನದ ಮುಳ್ಳನ್ನು ನೋಡಿ, ಅವನು ಬರಿಗೈಯಲ್ಲಿ ಹಿಂತಿರುಗಿದ. ಬೆಳಗಿನ ಜಾವ ಯಂತ್ರ ಸರಿಹೋಗಿ ಹಡಗು ತಿರುಗಿದ ಮೇಲೆ ಮತ್ತೆ ಹೋಗಿ ನಾವಿಕನನ್ನು ಕರೆತಂದ. ಹುಡುಗ ಬದುಕಿದ.

“ಬದುಕಿದ್ದರಿಂದ ಎಲ್ಲರೂ ನಾನು ಮಾಡಿದ್ದು ಸರಿ ಎಂದರು. ಬದುಕದಿದ್ದರೆ? ಆಗಲೂ ನಾನು ಮಾಡಿದ್ದು ಸರಿಯೇ ಆಗುತ್ತಿತ್ತೆ?”

ಭೌತಶಾಸ್ತ್ರದ ಪ್ರಶ್ನೆಯಾಗಿದ್ದರೆ ಅಲ್ಲಿಯೇ ಉತ್ತರ ಹೇಳುತ್ತಿದ್ದೆ. ಅದು ಆ ಜಾತಿಯ ಪ್ರಶ್ನೆಯಾಗಿರಲಿಲ್ಲ. “ಯೋಚಿಸಿ ಹೇಳುತ್ತೇನೆ, ತಮ್ಮಾ” ಎಂದು ಎದ್ದೆ. ಆ ಬದನೆಕಾಯಿ ಗೆರೆಯನ್ನು ಯಾರು ಎಳೆಯುತ್ತಾರೆ, ಹೇಗೆ ಎಳೆಯುತ್ತಾರೆ ಎಂಬುದನ್ನು ತಿಳಿಯದೆ ಉತ್ತರ ಹೇಳುವುದು ಸಾಧ್ಯವಿರಲಿಲ್ಲ. ಮುಂದಿನ ಕೆಲವು ತಿಂಗಳು ಅದನ್ನೇ ಓದಿದೆ, ಅವನನ್ನು ಕೇಳಿ ಕೇಳಿ ತಿಳಿದೆ. ಓದಿದ್ದರಲ್ಲಿ ಓದುಗರೊಡನೆ ಹಂಚಿಕೊಳ್ಳತಕ್ಕದ್ದು ಸಾಕಷ್ಟಿದೆಯೆಂದು ತೋರಿದ್ದರಿಂದ ಈ ಬರಹ.

* * *

ಮೊದಲು ಗಾಳಿಯ ಮಾತು. ಹಡಗಿನ ಮೇಲೆ ಬೀಸುವ ಗಾಳಿ ಕಡಲಿನ ಗಾಳಿಯಷ್ಟೇ ಅಲ್ಲ; ಹಡಗು ತನ್ನ ಓಟದಿಂದ ತಾನೇ ಮಾಡಿಕೊಳ್ಳುವ ಗಾಳಿಯೂ ಅದರಲ್ಲಿ ಸೇರಿರುತ್ತದೆ. ಹಡಗು ೧೫ ನಾಟ್ ವೇಗದಲ್ಲಿ ಹೋಗುತ್ತಿದೆಯೆನ್ನೋಣ. (ಒಂದು ನಾಟ್ ಎಂದರೆ ಗಂಟೆಗೆ ೧.೮೫೨ ಕಿಲೋಮೀಟರು.) ಎದುರಿನಿಂದ ೨೦ ನಾಟ್ ಗಾಳಿ ಬೀಸಿದರೆ ಡೆಕ್ಕಿನ ಮೇಲೆ ೩೫ ನಾಟ್. ಅದೇ ಗಾಳಿ ಹಿಂದಿನಿಂದ ಬಂದರೆ ಕೇವಲ ೫. ನೇರ ಮಗ್ಗುಲಿನಿಂದ ಬಂದರೆ ೨೫ ನಾಟ್. ಅದೂ ಮಗ್ಗುಲಿನಿಂದಲ್ಲ, ಮೂತಿಯಿಂದ ಸುಮಾರು ೫೩ ಡಿಗ್ರಿ ಓರೆಯಾಗಿ. ಮೂರು, ನಾಲ್ಕು, ಐದರ ಹಳೆಯ ಪೈಥಾಗೊರಸ್ ತ್ರಿಕೋನವೇ ಇದು. ಆದ್ದರಿಂದ ಗಾಳಿಯನ್ನು ಬದಲಾಯಿಸುವ ಶಕ್ತಿ ಮನುಷ್ಯನಿಗಿಲ್ಲವೆಂಬ ಮಾತು ಹಡಗಿನಲ್ಲಿ ಪೂರ್ತಿ ನಿಜವಲ್ಲ. ಕಪ್ತಾನನು ಹಡಗನ್ನು ತಿರುಗಿಸಿ ಡೆಕ್ಕಿನ ಮೇಲಿನ ಗಾಳಿಯನ್ನು ಬೇರೆಯಾಗಿಸಬಲ್ಲ. ಬದನೆಕಾಯಿ ಗೆರೆಯಲ್ಲಿ ಗುರುತಾಗಿರುವುದು ಈ ಕೂಡಿದ ಗಾಳಿಯೇ.

ಎರಡನೆಯದು, ಈ ಗಾಳಿ ಹೆಲಿಕಾಪ್ಟರನ್ನು ತಲುಪುವ ಮೊದಲೇ ಕೆಟ್ಟಿರುತ್ತದೆ. ಫ್ರಿಗೇಟಿನಂಥ ಚಿಕ್ಕ ಯುದ್ಧನೌಕೆಯಲ್ಲಿ ಹೆಲಿಕಾಪ್ಟರಿನ ಡೆಕ್ಕು ಇರುವುದು ತೀರ ಹಿಂದೆ. ಅದರ ಮುಂದೆ ಗೋಡೆಯಂತೆ ಹೆಲಿಕಾಪ್ಟರನ್ನು ಕಟ್ಟಿಹಾಕುವ ಹ್ಯಾಂಗರು. ಅದಕ್ಕೂ ಮುಂದೆ ಹೊಗೆಕೊಳವೆ, ಕೂವೆ, ರಾಡಾರುಗಳ ದೊಡ್ಡ ಗುಡ್ಡ. ಇದನ್ನೆಲ್ಲ ಹಾದು ಬರುವ ಗಾಳಿ ಹ್ಯಾಂಗರಿನ ಅಂಚಿನಿಂದ ಹರಿದು, ಡೆಕ್ಕಿನ ಮೇಲೆ ಕವುಚಿ ಬಿದ್ದು, ಸುರುಳಿ ಸುತ್ತುತ್ತದೆ. ಮನೆಯ ಗೋಡೆಯ ಮರೆಯಲ್ಲಿ ಒಣ ಎಲೆಗಳು ಗಿರಗಿರನೆ ತಿರುಗುವುದನ್ನು ಯಾರು ನೋಡಿಲ್ಲ? ಅದೇ ಸುಳಿ ಇಲ್ಲಿ ಹಲವು ಟನ್ನು ತೂಕದ ಯಂತ್ರವನ್ನು ಆಡಿಸುತ್ತದೆ. ಇದರ ಜೊತೆಗೆ ಹೊಗೆಕೊಳವೆಯ ಬಿಸಿಯುಸಿರು. ಬಿಸಿಗಾಳಿ ತೆಳುವಾದುದರಿಂದ ರೋಟರಿನ ಎತ್ತುವ ಬಲವೂ ಎಂಜಿನ್ನಿನ ಕಸುವೂ, ಅವು ಅತ್ಯಗತ್ಯವಾದ ಗಳಿಗೆಯಲ್ಲಿಯೇ, ಕುಂದುತ್ತವೆ.

ಗಾಳಿಯ ಎಲ್ಲ ಹೊಡೆತಗಳೂ ಒಂದೇ ಬಗೆಯವಲ್ಲವೆಂಬುದು ನನಗೆ ಬಹಳ ರುಚಿಸಿದ ವಿಷಯ. ಐದು ಸೆಕೆಂಡಿಗೊಮ್ಮೆ, ಇಲ್ಲವೆ ಅದಕ್ಕಿಂತ ನಿಧಾನವಾಗಿ ಬರುವ ಹೊಡೆತವನ್ನು ವೈಮಾನಿಕ ಸಾವಧಾನವಾಗಿ ಸರಿಪಡಿಸುತ್ತಾನೆ. ಸೆಕೆಂಡಿಗೆ ಎರಡು ಸಲಕ್ಕಿಂತ ಬೇಗ ಬರುವುದನ್ನು ಯಂತ್ರದ ಜಡತ್ವವೇ ನುಂಗುತ್ತದೆ. ಮೈ ನಡುಗೀತು, ಆದರೆ ಸ್ಥಳ ಕದಲದು. ಇವೆರಡರ ನಡುವಿನ ಲಯದಲ್ಲಿ ಬರುವ ಹೊಡೆತವೇ ಕೈ ಕಾಲುಗಳಿಗೆ ಬಿಡುವು ಕೊಡದೆ ಮನುಷ್ಯನನ್ನು ದಣಿಸುವುದು. ದುರದೃಷ್ಟವಶಾತ್ ಹ್ಯಾಂಗರಿನ ಹಿಂದಿನ ಸುಳಿಗಳಲ್ಲಿ ಈ ಲಯ ಧಾರಾಳವಾಗಿದೆ.

ಮೂರನೆಯದು ಡೆಕ್ಕಿನ ಆಟ. ಹಡಗು ಅಕ್ಕಪಕ್ಕಕ್ಕೆ ಹೊರಳುತ್ತದೆ, ಮುಂದೆ ಹಿಂದೆ ತೂಗುತ್ತದೆ, ಇಡಿಯಾಗಿ ಏರಿಳಿಯುತ್ತದೆ. ತೂಗುವಾಗ ಹೆಚ್ಚು ಏರಿಳಿಯುವುದು ತುದಿಗಳು, ಡೆಕ್ಕಿರುವುದೂ ತುದಿಯಲ್ಲಿ. ರಾತ್ರಿಯಾದರೆ ದಿಗಂತವಿಲ್ಲ. ಯಾವುದು ಓಲಾಡುತ್ತಿದೆ, ಹಡಗೋ ತಾನೋ ಎಂಬುದೇ ತಿಳಿಯದ ಸ್ಥಿತಿ.

ಹೀಗಿದ್ದೂ ಇಳಿಯುತ್ತಾರೆ. ಬ್ರಿಟಿಷ್ ನೌಕಾಪಡೆಯಲ್ಲಿ ರೂಢಿಯಾದ ಕ್ರಮ ಇದು: ಹಡಗಿನ ಎಡಮಗ್ಗುಲಿಗೆ ಬಂದು, ಅದರ ವೇಗಕ್ಕೆ ಸರಿಹೊಂದಿ ಜೊತೆಯಲ್ಲಿ ತೂಗುವುದು, ಆಮೇಲೆ ಏಡಿಯಂತೆ ಅಡ್ಡಲಾಗಿ ಸರಿದು ಡೆಕ್ಕಿನ ಮೇಲೆ ನಿಲ್ಲುವುದು, ಅಲ್ಲಿ ಕಾಯುವುದು. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಒಂದು ಗುಂಪು ಹೋಗಿ ಇನ್ನೊಂದು ಬರುವ ಮೊದಲು ಕೆಲವು ಸೆಕೆಂಡು ಹಡಗು ಉಸಿರು ಬಿಟ್ಟಂತೆ ಶಾಂತವಾಗುತ್ತದೆ. ಆ ಬಿಡುವಿನಲ್ಲಿ ಹಿಂಜರಿಯದೆ ಇಳಿದುಬಿಡಬೇಕು. ನಮ್ಮ ಕಾಳಿಯ ಅಳಿವೆಯನ್ನು ದಾಟುವ ದೋಣಿಯ ತಾಂಡೇಲನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನೂ ಅಲೆಗಳನ್ನು ಎಣಿಸುತ್ತ ಕಾಯುತ್ತಾನೆ. ಬಿಡುವು ಕಂಡೊಡನೆ ನುಗ್ಗುತ್ತಾನೆ.

* * *

ಈ ವಿದ್ಯೆ ಬಹಳ ಹಳೆಯದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಜರ್ಮನರು ಬಾಲ್ಟಿಕ್ ಸಮುದ್ರದಲ್ಲಿ ‘ಕೋಲ್ನ್’ ಎಂಬ ಯುದ್ಧನೌಕೆಯಿಂದ ಫ್ಲೆಟ್ನರ್ ಹೆಲಿಕಾಪ್ಟರನ್ನು ಹಾರಿಸಿ ನೋಡಿದರು. ೧೯೪೩ರ ಮೇ ತಿಂಗಳಲ್ಲಿ ಅಮೆರಿಕದ ಫ್ರಾಂಕ್ ಗ್ರೆಗರಿ ಎಂಬ ಸೇನಾಧಿಕಾರಿ ಲಾಂಗ್ ಐಲೆಂಡಿನ ಬಳಿ ‘ಬಂಕರ್ ಹಿಲ್’ ಎಂಬ ತೈಲನೌಕೆಯ ಮೇಲೆ ಸಿಕೋರ್ಸ್ಕಿ ಹೆಲಿಕಾಪ್ಟರನ್ನು ಇಳಿಸಿದ. ಅದು ದಂಡೆಯ ಆಸರೆಯ ನೀರು. ೧೯೪೪ರ ಜನವರಿಯಲ್ಲಿ ‘ದಾಗೆಸ್ತಾನ್’ ಎಂಬ ಬ್ರಿಟಿಷ್ ಹಡಗು ಹೆಲಿಕಾಪ್ಟರುಗಳನ್ನು ಹೊತ್ತು ಅಟ್ಲಾಂಟಿಕನ್ನು ದಾಟಿದಾಗ ಚಳಿಗಾಲದ ಕಡಲು ಬೇರೆಯೇ ಪಾಠ ಹೇಳಿತು. ಹಾರಲು ಅವಕಾಶ ದೊರೆತದ್ದು ಬೆರಳೆಣಿಕೆಯಷ್ಟು ಸಲ. ಯಂತ್ರ ಹಾರಬಲ್ಲುದೆಂಬುದು ಒಂದು ಮಾತು, ಎಂಥ ಕಡಲಿನಲ್ಲಿ ಹಾರಬಹುದೆಂಬುದು ಇನ್ನೊಂದು ಮಾತು ಎಂಬುದು ಅಂದಿನಿಂದ ಬೇರೆ ಬೇರೆಯಾಯಿತು.

ಯುದ್ಧಾನಂತರ ಜಲಾಂತರ್ಗಾಮಿಗಳು ವೇಗವಾದುವು. ಹಡಗಿನ ಸೋನಾರು ಅವುಗಳನ್ನು ದೂರದಲ್ಲಿಯೇ ಕಂಡುಹಿಡಿಯುತ್ತಿತ್ತು, ಆದರೆ ಹಡಗಿನ ಆಯುಧ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಆಯುಧವನ್ನು ಹೊತ್ತು ಹಾರಬಲ್ಲ ಚಿಕ್ಕ ಹೆಲಿಕಾಪ್ಟರು ಚಿಕ್ಕ ಹಡಗಿಗೂ ಬೇಕಾಯಿತು. ೧೯೫೭ರಲ್ಲಿ ‘ಗ್ರೆನ್‌ವಿಲ್’ ಎಂಬ ಫ್ರಿಗೇಟಿನ ಮೇಲೆ ಫೇರಿ ಸಂಸ್ಥೆಯ ಪುಟ್ಟ ಯಂತ್ರವನ್ನೂ, ೧೯೫೯ರಲ್ಲಿ ‘ಅನ್‌ಡಾಂಟೆಡ್’ ಮೇಲೆ ಸಾಂಡರ್ಸ್-ರೋ ಸಂಸ್ಥೆಯ ಯಂತ್ರವನ್ನೂ ಬ್ರಿಟಿಷರು ಪರೀಕ್ಷಿಸಿದರು. ಅದರ ಸಂತತಿಯಾದ ‘ವಾಸ್ಪ್’ ೧೯೬೩ರಲ್ಲಿ ಸೇವೆಗೆ ಬಂತು. ಕೆನಡಾದವರಿಗೆ ಉತ್ತರ ಅಟ್ಲಾಂಟಿಕಿನಲ್ಲಿ ದೊಡ್ಡ ‘ಸೀ ಕಿಂಗ್’ ಬೇಕಾಗಿತ್ತು. ಅದರ ರೋಟರಿನ ವ್ಯಾಸವೇ ಸುಮಾರು ೧೯ ಮೀಟರು. ಅದಕ್ಕಾಗಿ ಅವರು ‘ಕರಡಿಬೋನು’ ಎಂಬರ್ಥದ ಹೆಸರಿನ ಉಪಾಯವೊಂದನ್ನು ಕಂಡುಹಿಡಿದು ೧೯೬೩ರಲ್ಲಿ ‘ಅಸ್ಸಿನಿಬೋಯಿನ್’ ಹಡಗಿನ ಮೇಲೆ ಪರೀಕ್ಷಿಸಿದರು. ಹೆಲಿಕಾಪ್ಟರು ತೆಳುವಾದ ಹಗ್ಗ ಇಳಿಸುತ್ತದೆ. ಡೆಕ್ಕಿನವರು ಅದಕ್ಕೆ ಉಕ್ಕಿನ ಹಗ್ಗ ಕಟ್ಟಿ ಮೇಲಕ್ಕೆ ಕಳಿಸುತ್ತಾರೆ. ಆಮೇಲೆ ಡೆಕ್ಕಿನ ಕೆಳಗಿನ ರಾಟೆ ಅದನ್ನು ಒಂದೇ ಬಿಗಿಯಲ್ಲಿ ಎಳೆದು ಬೋನಿನ ಹಲ್ಲುಗಳ ನಡುವೆ ಕೂರಿಸುತ್ತದೆ. ಬ್ರಿಟಿಷರ ‘ಲಿಂಕ್ಸ್’ ಬೇರೆ ದಾರಿ ಹಿಡಿಯಿತು. ಹೊಟ್ಟೆಯಿಂದ ಒಂದು ಉಕ್ಕಿನ ಕೊಕ್ಕೆಯನ್ನು ಚಾಚಿ ಡೆಕ್ಕಿನ ಜಾಲರಿಯನ್ನು ಕಚ್ಚಿ ಹಿಡಿಯುವುದು, ರೆಕ್ಕೆಗಳ ಕೋನವನ್ನು ತಿರುವಿ ತನ್ನನ್ನು ತಾನೇ ಕೆಳಕ್ಕೆ ಒತ್ತಿಕೊಳ್ಳುವುದು.

ನಮ್ಮ ದೇಶದಲ್ಲಿ ಈ ಅಧ್ಯಾಯ ತೆರೆದದ್ದು ಮುಂಬಯಿಯಲ್ಲಿ ಕಟ್ಟಿದ ‘ನೀಲಗಿರಿ’ ಫ್ರಿಗೇಟು ೧೯೭೨ರಲ್ಲಿ ನೌಕಾಪಡೆ ಸೇರಿದಾಗ. ಅದರ ಡೆಕ್ಕಿಗೆ ಒದಗಿದ ‘ಚೇತಕ್’ ಹೆಲಿಕಾಪ್ಟರು ಫ್ರೆಂಚ್ ವಿನ್ಯಾಸದ್ದು, ತಯಾರಾದದ್ದು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ. ಅದೇ ವರ್ಗದ ಕೊನೆಯ ಎರಡು ಹಡಗುಗಳಾದ ‘ತಾರಾಗಿರಿ’, ‘ವಿಂಧ್ಯಗಿರಿ’ಗಳಲ್ಲಿ ಡೆಕ್ಕನ್ನು ಮಾರ್ಪಡಿಸಿ ಸೀ ಕಿಂಗ್ ಇಳಿಯುವಂತೆ ಮಾಡಿದರು. ಇಲ್ಲೊಂದು ಸ್ವಾರಸ್ಯವಿದೆ. ಮೇಲಿನಿಂದ ನೋಡಿದರೆ ಚೇತಕ್‌ನ ರೋಟರು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಸೀ ಕಿಂಗ್‌ನದು ಅದಕ್ಕೆ ವಿರುದ್ಧ. ರೋಟರು ತಿರುಗುವ ಕಡೆಗೆ ಎದುರಾಗಿ ಮೈ ತಿರುಗದಂತೆ ತಡೆಯುವುದು ಬಾಲದ ಚಿಕ್ಕ ಪಂಖ. ಅದನ್ನು ನಡೆಸುವುದು ವೈಮಾನಿಕನ ಕಾಲಿನ ಪೆಡಲು. ಆದ್ದರಿಂದ ಒಂದಕ್ಕೆ ಎಡಗಾಳಿ ಕಷ್ಟವಾದರೆ ಇನ್ನೊಂದಕ್ಕೆ ಬಲಗಾಳಿ. ಬದನೆಕಾಯಿ ಸೊಟ್ಟಗಿರುವುದಕ್ಕೆ ಇದೂ ಒಂದು ಕಾರಣ. ಒಂದರ ಗೆರೆ ಇನ್ನೊಂದಕ್ಕೆ ಸಲ್ಲದು. ಅದೇ ಹೆಲಿಕಾಪ್ಟರು ಬೇರೆ ಹಡಗಿಗೆ ಹೋದರೂ ಗೆರೆ ಬೇರೆ, ಏಕೆಂದರೆ ಗಾಳಿಯನ್ನು ಕದಡುವ ಗುಡ್ಡ ಬೇರೆ. ಮೂರು ಬಗೆಯ ಹಡಗು, ನಾಲ್ಕು ಬಗೆಯ ಹೆಲಿಕಾಪ್ಟರು ಇದ್ದರೆ ಹನ್ನೆರಡು ಗೆರೆಗಳನ್ನು ಎಳೆಯಬೇಕು. ರಾತ್ರಿಗೆ ಬೇರೆ, ಭಾರಕ್ಕೆ ಬೇರೆ.

* * *

ಎಳೆಯುವುದು ಹೇಗೆ? ಮೊದಲು ನೆಲದ ಮೇಲೆ. ಹೆಲಿಕಾಪ್ಟರನ್ನು ಮುಂದಕ್ಕೆ, ಹಿಂದಕ್ಕೆ, ಅಡ್ಡಕ್ಕೆ ಗೊತ್ತಾದ ವೇಗದಲ್ಲಿ ಹಾರಿಸಿ, ಯಾವ ದಿಕ್ಕಿನ ಗಾಳಿಗೆ ಪೆಡಲು ಎಷ್ಟು ಒತ್ತಬೇಕಾಯಿತು, ಎಂಜಿನ್ನಿನ ಶಕ್ತಿ ಎಷ್ಟು ಉಳಿಯಿತು ಎಂದು ಬರೆದಿಡುತ್ತಾರೆ. ಒತ್ತಬಹುದಾದುದರಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲಾದರೂ ಮೀಸಲು ಉಳಿದಿರಬೇಕೆಂಬುದು ಲೆಕ್ಕ. ಬಳಿಕ ಹಡಗಿನ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ಸುಳಿಗಳನ್ನು ಅಳೆಯುತ್ತಾರೆ. ಹಡಗಿನ ಗಾಳಿಮಾಪಕವೇ ಕದಡಿದ ಗಾಳಿಯಲ್ಲಿ ನಿಂತಿರುವುದರಿಂದ ಅದು ಹೇಳುವ ಸುಳ್ಳು ಎಷ್ಟೆಂಬುದನ್ನೂ ತಿಳಿದಿಟ್ಟುಕೊಳ್ಳುತ್ತಾರೆ.

ಆಮೇಲೆ ಕಡಲು. ಬ್ರಿಟನ್ನಿನ ಬಾಸ್ಕಂಬ್ ಡೌನ್, ಅಮೆರಿಕದ ಪಟಕ್ಸೆಂಟ್ ರಿವರ್ ಮೊದಲಾದ ಪರೀಕ್ಷಾಕೇಂದ್ರಗಳ ವೈಮಾನಿಕರು, ಎಂಜಿನಿಯರುಗಳು ಹಡಗನ್ನೇರುತ್ತಾರೆ. ಎದುರಿನಿಂದ ಬರುವ ಹದವಾದ ಗಾಳಿಯಲ್ಲಿ ಇಳಿಯುವುದು, ಏರುವುದು. ಸರಿಹೋದರೆ ಐದಾರು ನಾಟ್ ಹೆಚ್ಚು, ಇಲ್ಲವೆ ಹತ್ತು ಹದಿನೈದು ಡಿಗ್ರಿ ಓರೆ. ಮತ್ತೆ ಇಳಿಯುವುದು, ಏರುವುದು. ಹೆಜ್ಜೆ ತಪ್ಪಿಸಿ ಹಾರುವಂತಿಲ್ಲ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಒಂದೊಂದೇ ಮೆಟ್ಟಲು. ಇದಕ್ಕೆ ಕೆಟ್ಟ ಹವೆ ಬೇಕು. ಉಳಿದ ನಾವಿಕರು ಬಿರುಗಾಳಿಯಿಂದ ದೂರ ಓಡಿದರೆ ಇವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ೨೦೧೮ರ ಆರಂಭದಲ್ಲಿ ಬ್ರಿಟಿಷರ ಹೊಸ ವಿಮಾನವಾಹಕ ‘ಕ್ವೀನ್ ಎಲಿಜಬೆತ್’ ಮರ್ಲಿನ್, ಚಿನೂಕ್ ಹೆಲಿಕಾಪ್ಟರುಗಳನ್ನು ಹೊತ್ತು ಚಳಿಗಾಲದ ಅಟ್ಲಾಂಟಿಕಿಗೆ ಹೋದದ್ದು ಇಂಥ ಕೆಲಸಕ್ಕೇ. ಕಡಲು ಶಾಂತವಾಗಿದ್ದರೆ ಪರೀಕ್ಷಕರ ಮುಖ ಬಾಡುತ್ತದೆ.

ಪ್ರತಿ ಸಲ ಇಳಿದ ಕೂಡಲೇ ವೈಮಾನಿಕ ಒಂದು ಅಂಕೆ ಹೇಳಬೇಕು. ಒಂದರಿಂದ ಐದು. ಕೂಪರ್ ಮತ್ತು ಹಾರ್ಪರ್ ಎಂಬ ಅಮೆರಿಕನ್ನರು ೧೯೬೯ರಲ್ಲಿ ವಿಮಾನಗಳ ನಡವಳಿಕೆಯನ್ನು ಅಳೆಯಲು ಹತ್ತು ಮೆಟ್ಟಲಿನ ಮಾಪನವೊಂದನ್ನು ಪ್ರಕಟಿಸಿದ್ದರು. ಹಡಗಿನ ಕೆಲಸಕ್ಕೆ ಐದು ಮೆಟ್ಟಲಿನದು ಬಳಕೆಗೆ ಬಂತು. ಒಂದು ಎಂದರೆ ಶ್ರಮ ಸ್ವಲ್ಪ, ಬೇರೆ ಕೆಲಸಕ್ಕೂ ಮನಸ್ಸು ಉಳಿದಿದೆ. ಎರಡು ಎಂದರೆ ಶ್ರಮ ಹೆಚ್ಚು, ಬೇರೆ ಕೆಲಸ ಕಷ್ಟ. ಮೂರು ಎಂದರೆ ಸಹಿಸಬಹುದಾದ ಶ್ರಮದ ತುತ್ತತುದಿ. ಮತ್ತೆ ಮತ್ತೆ ಕ್ಷೇಮವಾಗಿ ಇಳಿಯಬಹುದು, ಆದರೆ ಯಂತ್ರವೋ ಬೆಳಕೋ ಸ್ವಲ್ಪ ಕೈಕೊಟ್ಟರೆ ಬಿಟ್ಟು ಹೋಗಬೇಕಾದೀತು. ಗೆರೆಯನ್ನು ಎಳೆಯುವುದು ಇಲ್ಲಿ. ನಾಲ್ಕು ಎಂದರೆ ಅತಿಯಾದ ಶ್ರಮ. ಮುಂದಾಲೋಚನೆ ಹೋಗಿ, ಬಂದ ಹೊಡೆತಕ್ಕೆ ಕೈಕಾಲು ಆಡಿಸುವುದಷ್ಟೇ ಉಳಿದಿದೆ. ಐದು ಎಂದರೆ ಅಪಾಯ, ನುರಿತವರಿಗೂ ಸಲ್ಲದು.

ಈ ಮಾಪನದ ಜೀವ ಇರುವುದು ಒಂದು ಮಾತಿನಲ್ಲಿ. ಅದು “ನೀನು ಇಳಿದೆಯಾ?” ಎಂದು ಕೇಳುವುದಿಲ್ಲ. ನಾಲ್ಕು ಎಂದು ಹೇಳಿದವನೂ ಇಳಿದಿರುತ್ತಾನೆ. ಹೆಲಿಕಾಪ್ಟರು ಡೆಕ್ಕಿನ ಮೇಲೆ ಕ್ಷೇಮವಾಗಿ ಕುಳಿತಿರುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಅದು ಕೇಳುವುದು: “ಪಡೆಯ ಸಾಮಾನ್ಯ ವೈಮಾನಿಕ, ಕರ್ತವ್ಯದ ಒತ್ತಡದಲ್ಲಿ, ಇದನ್ನು ತಪ್ಪದೆ ಮತ್ತೆ ಮತ್ತೆ ಮಾಡಬಲ್ಲನೆ?” ಪರೀಕ್ಷಕನಾದವನು ನೂರರಲ್ಲಿ ಆಯ್ದ ಒಬ್ಬ. ಕಷ್ಟವನ್ನು ಸುಲಭವಾಗಿ ತೋರಿಸುವುದೇ ಅವನ ಜಾಣ್ಮೆ. ಅಂಥವನು ಕೆಳಗಿಳಿದು, ಬೆವರು ಒರೆಸಿಕೊಂಡು, “ಇದು ನನಗೆ ಕಷ್ಟವಾಯಿತು, ನಾಲ್ಕು ಬರೆಯಿರಿ” ಎನ್ನಬೇಕು. ಜಂಬದಿಂದ ಮೂರು ಎಂದನೋ, ಗೆರೆ ಒಂದಿಷ್ಟು ಹೊರಕ್ಕೆ ಸರಿಯುತ್ತದೆ. ಆ ಸರಿದ ಜಾಗದಲ್ಲಿ ಹತ್ತು ವರ್ಷದ ಮೇಲೆ, ಅವನು ಮುಖ ಕಂಡರಿಯದ ತರುಣನೊಬ್ಬ ಕತ್ತಲೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಯುದ್ಧವಿದ್ಯೆಯಲ್ಲಿ ಧೈರ್ಯಕ್ಕೆ ಪದಕಗಳಿವೆ. ತನ್ನ ಕಷ್ಟವನ್ನು ಸರಿಯಾಗಿ ಒಪ್ಪಿಕೊಳ್ಳುವ ಈ ಧೈರ್ಯಕ್ಕೆ ದೊರೆಯುವುದು ಒಂದು ಅಂಕೆ ಮಾತ್ರ.

ಹಾಗೆಂದು ಭಯದಿಂದ ಎಲ್ಲಕ್ಕೂ ನಾಲ್ಕು ಎನ್ನುವಂತೆಯೂ ಇಲ್ಲ. ಗೆರೆ ಒಳಕ್ಕೆ ಸರಿದಷ್ಟೂ ಹಡಗು ತನ್ನ ದಾರಿ ಬಿಟ್ಟು ಗಾಳಿಗೆ ತಿರುಗಬೇಕಾದ ಸಂದರ್ಭ ಹೆಚ್ಚುತ್ತದೆ. ತಿರುಗಿದ ಹೊತ್ತಿನಲ್ಲಿ ಜಲಾಂತರ್ಗಾಮಿ ತಪ್ಪಿಸಿಕೊಳ್ಳಬಹುದು. ನೀರಿಗೆ ಬಿದ್ದವನು ಮುಳುಗಬಹುದು. ಹೊಟ್ಟೆನೋವಿನ ನಾವಿಕ ಬೆಳಗಿನ ತನಕ ಕಾಯಬೇಕಾಗಬಹುದು. ಗೆರೆಯ ಎರಡು ಕಡೆಯೂ ಪ್ರಾಣಗಳಿವೆ. ಪರೀಕ್ಷಕರ ಹೊಣೆ ಭಾರವಾದದ್ದು ಇದರಿಂದ.

ಈಚೆಗೆ ಗಣಕಯಂತ್ರಗಳು ನೆರವಿಗೆ ಬಂದಿವೆ. ಹಡಗಿನ ಹಿಂದಿನ ಸುಳಿಗಳನ್ನು ಲೆಕ್ಕದಿಂದಲೇ ಹುಟ್ಟಿಸಿ, ಅಲುಗಾಡುವ ಕೃತಕ ಕೋಣೆಯಲ್ಲಿ ವೈಮಾನಿಕನನ್ನು ಕೂರಿಸಿ ಇಳಿಸುವ ಪ್ರಯೋಗಗಳು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಂಥ ಕಡೆ ನಡೆದಿವೆ. ಬೇರೆ ಬೇರೆ ದೇಶದ ವಿದ್ವಾಂಸರು ತಮ್ಮ ಲೆಕ್ಕಗಳನ್ನು ಹೋಲಿಸಿ ನೋಡಲೆಂದು, ಪೆಟ್ಟಿಗೆಗಳನ್ನು ಜೋಡಿಸಿದಂತಿರುವ ಸರಳವಾದ ಕಾಲ್ಪನಿಕ ಫ್ರಿಗೇಟೊಂದರ ಆಕಾರವನ್ನು ಒಪ್ಪ ಮಾಡಿಕೊಂಡಿದ್ದಾರೆ. ಇದರಿಂದ ಕಡಲಿನಲ್ಲಿ ಯಾವ ಬಿಂದುಗಳನ್ನು ಪರೀಕ್ಷಿಸಬೇಕೆಂಬುದು ಮೊದಲೇ ತಿಳಿಯುತ್ತದೆ. ಅಪಾಯವೂ ವೆಚ್ಚವೂ ಕಡಿಮೆಯಾಗುತ್ತವೆ. ಆದರೆ ಆ ಕೋಣೆಯಲ್ಲಿ ಕುಳಿತವನನ್ನೂ ಕೊನೆಗೆ ಕೇಳುವುದು ಅದೇ ಪ್ರಶ್ನೆಯನ್ನು. ಅವನು ಹೇಳಬೇಕಾದದ್ದು ಅದೇ ಒಂದರಿಂದ ಐದರೊಳಗಿನ ಅಂಕೆಯನ್ನು.

* * *

ಇಂಥ ಗೆರೆಗೆ ನಾವು ಥಟ್ಟನೆ ಕೊಡುವ ಹೆಸರು ಲಕ್ಷ್ಮಣರೇಖೆ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಈಗ ಆ ಹೋಲಿಕೆ ಸಾಲದೆನಿಸುತ್ತದೆ. ಲಕ್ಷ್ಮಣ ರೇಖೆಯನ್ನೆಳೆದು ಹೊರಟುಹೋದ. ಅದರೊಳಗೆ ಇರಬೇಕಾದವಳು ಬೇರೆಯವಳು. ಇಲ್ಲಿ ಎಳೆದವರು ಒಳಗಿನಿಂದ ಒಂದೊಂದೇ ಹೆಜ್ಜೆ ಹೊರಟು, ಅಂಚನ್ನು ಮುಟ್ಟಿ, ಕೆಲವೊಮ್ಮೆ ದಾಟಿಯೂ ನೋಡಿ, ಹಿಂದಕ್ಕೆ ಬಂದು ಎಳೆದವರು. ನಮ್ಮ ಮೀನುಗಾರರ ನೂಲ ಹುಣ್ಣಿಮೆಯಲ್ಲಿ ಈ ಬಗೆಯ ತಿಳಿವಳಿಕೆಯಿದೆ. ಮಳೆಗಾಲ ಇಳಿದು, ಅಂದು ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ದೋಣಿ ನೀರಿಗಿಳಿಯಬೇಕೆಂಬ ಕಟ್ಟಳೆಯನ್ನು ಮಾಡಿದವರು ಕಡಲಿಗೆ ಹೆದರಿ ಮನೆಯಲ್ಲಿ ಕುಳಿತವರಲ್ಲ. ಹೋದವರು, ಹೋಗಿ ಬಂದವರು, ಬಾರದವರನ್ನು ನೆನೆದವರು.

ಕಳೆದ ತಿಂಗಳು ನನ್ನ ಶಿಷ್ಯ ಮತ್ತೆ ತೀರದಲ್ಲಿ ಸಿಕ್ಕಿದ. ನಾನೇ ಮಾತು ತೆಗೆದೆ.

“ನಿನ್ನ ಪ್ರಶ್ನೆಗೆ ಉತ್ತರ ಯೋಚಿಸಿದ್ದೇನೆ. ಆ ರಾತ್ರಿ ನೀನು ಇಳಿಯಲಾಗುತ್ತಿರಲಿಲ್ಲವೆ?”

ಅವನು ಯೋಚಿಸಿದ. “ಇಳಿಯಬಹುದಾಗಿತ್ತು, ಮಾಸ್ತರ್ರೇ. ಅದೇ ನನ್ನನ್ನು ಕಾಡುವುದು. ಇಳಿದುಬಿಟ್ಟಿದ್ದರೆ ಹಾರ ಹಾಕುತ್ತಿದ್ದರೋ ಏನೋ.”

“ಅಂದು ಎಷ್ಟು ಹೊತ್ತಿನಿಂದ ಎದ್ದಿದ್ದೆ?”

“ಬೆಳಗಿನ ಐದು ಗಂಟೆಯಿಂದ.”

“ಹಾಗಾದರೆ ಅಂದು ನೀನು ಸಾಮಾನ್ಯ ವೈಮಾನಿಕನೂ ಆಗಿರಲಿಲ್ಲ, ದಣಿದ ವೈಮಾನಿಕ. ನಿನ್ನ ಜೊತೆಯಲ್ಲಿ ಇನ್ನೂ ಇಬ್ಬರಿದ್ದರು. ಡೆಕ್ಕಿನ ಮೇಲೆ ಹಗ್ಗ ಹಿಡಿದ ಹುಡುಗರಿದ್ದರು. ಎಂದೋ ಒಬ್ಬ ಪರೀಕ್ಷಕ, ಹಗಲು ಬೆಳಕಿನಲ್ಲಿ, ನಿನಗಿಂತ ಹೆಚ್ಚು ನುರಿತವನು, ಅಂಥದೇ ಗಾಳಿಯಲ್ಲಿ ಇಳಿದು ‘ನಾಲ್ಕು’ ಎಂದಿದ್ದ. ಕತ್ತಲೆಯಲ್ಲಿ ಒಬ್ಬಂಟಿಯಾಗಿ ನಿರ್ಧರಿಸುವ ಭಾರ ನಿನ್ನ ಮೇಲೆ ಬೀಳದಿರಲೆಂದೇ ಹಾಗೆ ಹೇಳಿದ್ದ. ಹುಡುಗ ಬದುಕದಿದ್ದರೂ ನೀನು ಮಾಡಿದ್ದು ಸರಿಯೇ. ಆದರೆ ಆ ‘ಸರಿ’ ನಿನಗೆ ನಿದ್ರೆ ಕೊಡುತ್ತಿರಲಿಲ್ಲ. ಗೆರೆ ಎಳೆದವರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಷ್ಟು ಸಾಕು, ಮಾಸ್ತರ್ರೇ. ನಿದ್ರೆಯನ್ನೇನೂ ನಾನು ಕೇಳಿರಲಿಲ್ಲ” ಎಂದ.

ದೂರದಲ್ಲಿ ಬೂದುಬಣ್ಣದ ಹಡಗು ತನ್ನ ದಾರಿಯನ್ನು ಬಿಟ್ಟು ನಿಧಾನವಾಗಿ ಪಡುವಣ ಗಾಳಿಗೆ ಮೂತಿ ತಿರುಗಿಸುತ್ತಿತ್ತು. ಆಕಾಶದಲ್ಲಿ ತುಂಬಿ ಇನ್ನೂ ಕಾಣಿಸಿರಲಿಲ್ಲ. ಹಡಗುಗಳು ಹಾಗೆ ಸುಮ್ಮಸುಮ್ಮನೆ ತಿರುಗುವುದನ್ನು ಎಷ್ಟೋ ಸಂಜೆ ನೋಡಿದ್ದೆ. ಅದು ಸುಮ್ಮನೆಯಲ್ಲ, ಮನೆಗೆ ಬರುವವರಿಗಾಗಿ ಬಾಗಿಲು ತೆರೆಯುವುದು ಎಂದು ಅಂದು ತಿಳಿಯಿತು.